ಬೆಲೆ ಇಳಿಸಿದ್ದಕ್ಕೆ ಕ್ಷಮೆ ಇರಲಿ
ಆನ್‌ಲೈನ್ ಅಂಗಡಿ ತೆರೆದರೆ ಮೊದಲು ಕಣ್ಣಿಗೆ ಬೀಳೋದು ಸಾಮಾನಲ್ಲ, ಗೀಟು ಎಳೆದ ಬೆಲೆ. ಪಾಪ, ಆ ಬೆಲೆ ಕೊಟ್ಟು ಕೊಂಡವರನ್ನು ಯಾರೂ ನೋಡಿಲ್ಲ. ಅದು ಹುಟ್ಟಿದ್ದೇ ಗೀಟು ಹಾಕಿಸಿಕೊಳ್ಳೋಕೆ. ಈ ನಾಟಕ ಸಾಕಾಗಿ ಯುರೋಪಿನವರು 2022ರ ಮೇ ತಿಂಗಳಿಂದ ಒಂದು ನಿಯಮ ಜಾರಿಗೆ ತಂದರು. ರಿಯಾಯಿತಿ ಅಂತ ಕೂಗಬೇಕಾದರೆ, ಹಿಂದಿನ 30 ದಿನಗಳಲ್ಲಿದ್ದ ಅತಿ ಕಡಿಮೆ ಬೆಲೆಯನ್ನೇ ಹಳೇ ಬೆಲೆ ಅಂತ ತೋರಿಸಬೇಕು. ಒಳ್ಳೇ ನಿಯಮವೇ. ಆದರೆ ವ್ಯಾಪಾರಿಗೂ ಕ್ಯಾಲೆಂಡರ್ ನೋಡೋಕೆ ಬರುತ್ತೆ ಅಲ್ವಾ? ಒಂದು ತಿಂಗಳು ಬೆಲೆ ಏರಿಸಿಕೊಂಡು ಸುಮ್ನೆ ಕೂತರೆ ಆಯ್ತು, ಆಮೇಲೆ ಭರ್ಜರಿ ಸೇಲು, ಅದೂ ಕಾನೂನಿನ ಪ್ರಕಾರವೇ.

ಇದು ಗ್ರಾಹಕರನ್ನು ಕಾಯುವ ಕಾನೂನಿನ ಕಥೆ. ಸ್ಪರ್ಧೆಯನ್ನು ಕಾಯುವ ಕಾನೂನು ಇನ್ನೂ ಘನವಾದದ್ದು. 2000ರಲ್ಲಿ ಜರ್ಮನಿಯ ಕಾರ್ಟೆಲ್ ಕಚೇರಿ, ಅಂದರೆ ವ್ಯಾಪಾರದಲ್ಲಿ ಸ್ಪರ್ಧೆ ಸರಿಯಾಗಿದೆಯಾ ಅಂತ ಕಾಯುವ ಸರ್ಕಾರಿ ಕಚೇರಿ, ವಾಲ್‌ಮಾರ್ಟ್, ಆಲ್ಡಿ ನಾರ್ಡ್, ಲಿಡ್ಲ್ ಅನ್ನೋ ದೊಡ್ಡ ದಿನಸಿ ಮಳಿಗೆಗಳ ಮೂವರಿಗೂ ಹಾಲು, ಸಕ್ಕರೆಯಂಥ ಸಾಮಾನಿನ ಬೆಲೆ ಏರಿಸಿ ಅಂತ ಆದೇಶ ಕೊಟ್ಟಿತು. ಅಸಲಿಗಿಂತ ಕಡಿಮೆಗೆ ಮಾರುತ್ತಿದ್ದರಂತೆ. ಇವತ್ತು ಸೋವಿ ಕೊಟ್ಟು ಚಿಕ್ಕ ಅಂಗಡಿಗಳನ್ನು ಮುಚ್ಚಿಸಿ, ನಾಳೆ ಮನಸ್ಸಿಗೆ ಬಂದ ಬೆಲೆ ಹಾಕುತ್ತಾರೆ ಅನ್ನೋದು ಕಚೇರಿಯ ಭಯ. ಸುಳ್ಳು ಭಯವೇನಲ್ಲ. ಆದರೂ ಹಾಲು ತರೋಕೆ ಹೋದವನಿಗೆ 'ನಿನ್ನ ಒಳ್ಳೇದಕ್ಕೇ ಜಾಸ್ತಿ ತಗೋತಿದ್ದೀವಿ' ಅಂತ ಹೇಳೋಕೆ ಗಟ್ಟಿ ಎದೆ ಬೇಕು.

ಫ್ರಾನ್ಸ್ ವಿಷಯ ಬಿಟ್ಟರೆ ನನಗೆ ನಿದ್ದೆ ಬರಲ್ಲ. ಅಲ್ಲಿ ಪುಸ್ತಕದ ಬೆಲೆ ಪ್ರಕಾಶಕ ಹೇಳಿದ್ದೇ ಆಗಬೇಕು, ಶೇ 5ಕ್ಕಿಂತ ಜಾಸ್ತಿ ರಿಯಾಯಿತಿ ಕೊಡುವ ಹಾಗಿಲ್ಲ. 1981ರ ಕಾನೂನು ಇದು. ಅಮೆಜಾನ್ ಬಂತು, ಶೇ 5 ರಿಯಾಯಿತಿಯನ್ನೂ ಕೊಟ್ಟಿತು, ಪುಸ್ತಕವನ್ನು ಪುಕ್ಕಟೆಯಾಗಿ ಮನೆಗೂ ಮುಟ್ಟಿಸಿತು. 2014ರಲ್ಲಿ ಸಂಸತ್ತು ಸೇರಿ, ಮನೆಗೆ ಕಳಿಸುವ ಪುಸ್ತಕಕ್ಕೆ ರಿಯಾಯಿತಿಯೂ ಬೇಡ, ಪುಕ್ಕಟೆ ಸಾಗಾಟವೂ ಬೇಡ ಅಂದಿತು. ಅಮೆಜಾನ್ ವಿಧೇಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿ ಸಾಗಾಟಕ್ಕೆ ಒಂದು ಸೆಂಟ್ ಇಟ್ಟಿತು. 0.01 ಯುರೋ! ಪುಕ್ಕಟೆ ಅಲ್ಲವಲ್ಲ? ಈ ಒಂದು ಸೆಂಟಿಗೆ ಉತ್ತರ ಹುಡುಕೋಕೆ ಸರ್ಕಾರಕ್ಕೆ ಹೆಚ್ಚುಕಡಿಮೆ ಒಂಬತ್ತು ವರ್ಷ ಹಿಡಿಯಿತು. 2023ರ ಅಕ್ಟೋಬರ್‌ನಿಂದ, 35 ಯುರೋಗಿಂತ ಕಡಿಮೆ ಪುಸ್ತಕ ತರಿಸಿದರೆ ಸಾಗಾಟಕ್ಕೆ ಕನಿಷ್ಠ 3 ಯುರೋ. ಪುಸ್ತಕದಂಗಡಿ ಉಳಿಯಬೇಕು, ನಾನೂ ಒಪ್ಪುತ್ತೇನೆ. ಆದರೆ ಆ 3 ಯುರೋ ಪುಸ್ತಕದಂಗಡಿಯವನ ಗಲ್ಲಾಪೆಟ್ಟಿಗೆಗೆ ಹೋಗಲ್ಲ. ಅಮೆಜಾನ್‌ಗೇ ಹೋಗುತ್ತೆ. ದೈತ್ಯನನ್ನು ಹಣಿಯೋಕೆ ಹೊರಟು ಅವನ ಜೇಬಿಗೇ ದುಡ್ಡು ತುಂಬಿದ ಈ ಜಾಣತನಕ್ಕೆ ಒಂದು ನಮಸ್ಕಾರ.

ಬೆಲೆ ಇಳಿಸಿದವರು ಬೆಳಕಿನಲ್ಲೇ ಇಳಿಸುತ್ತಾರೆ, ಹಾಗಾಗಿ ಬೇಗ ಸಿಕ್ಕಿಬೀಳುತ್ತಾರೆ. ಏರಿಸುವವರು ಹೋಟೆಲ್ ರೂಮಿನಲ್ಲಿ ಕೂತು ಏರಿಸುತ್ತಾರೆ. 1990ರ ದಶಕದಲ್ಲಿ, ಪ್ರಾಣಿಗಳ ಮೇವಿಗೆ ಬೆರೆಸುವ ಲೈಸಿನ್ ತಯಾರಿಸುವ ಕಂಪನಿಗಳು ಹೀಗೇ ದೇಶದೇಶ ಸುತ್ತಿ ಬೆಲೆ ಗೊತ್ತುಮಾಡಿಕೊಂಡವು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕದ್ದು ಮಾಡಿದ ಟೇಪಿನಲ್ಲಿ, ಅವುಗಳಲ್ಲೊಂದಾದ ಎಡಿಎಂ ಕಂಪನಿಯ ಅಧ್ಯಕ್ಷರ ಮಾತಿದೆ: ಪ್ರತಿಸ್ಪರ್ಧಿಗಳು ನಮ್ಮ ಸ್ನೇಹಿತರು, ಗ್ರಾಹಕರೇ ಶತ್ರುಗಳು. ಇಷ್ಟು ಪ್ರಾಮಾಣಿಕವಾಗಿ ಮಾತಾಡಿದ ಇನ್ನೊಬ್ಬ ಉದ್ಯಮಿಯನ್ನು ನಾನಂತೂ ಕಂಡಿಲ್ಲ.

1996ರಲ್ಲಿ ಕಂಪನಿ ತಪ್ಪೊಪ್ಪಿಕೊಂಡಿತು. ಲೈಸಿನ್ ಒಂದಕ್ಕೇ 7 ಕೋಟಿ ಡಾಲರ್ ದಂಡ. ಅದು ಖಜಾನೆಗೆ ಹೋಯಿತು. ಹಾಗಾದರೆ ದುಬಾರಿ ಕೋಳಿ ತಿಂದವನಿಗೆ? ಅಮೆರಿಕದ ಸುಪ್ರೀಂ ಕೋರ್ಟು 1977ರಲ್ಲೇ ಹೇಳಿಯಾಗಿದೆ: ಫೆಡರಲ್ ಕಾನೂನಿನಲ್ಲಿ ನಷ್ಟ ಕೇಳುವ ಹಕ್ಕು ನೇರವಾಗಿ ಕೊಂಡವನದು, ಕೈಯಿಂದ ಕೈಗೆ ದಾಟಿ ಬಂದದ್ದನ್ನು ಕೊನೆಗೆ ಕೊಂಡವನದಲ್ಲ. ಲೈಸಿನ್ ಕೊಂಡದ್ದು ಮೇವಿನ ಕಂಪನಿ. ನೀವು ಕೊಂಡದ್ದು ಕೋಳಿ. ಸಾಕಾಗಿದೆ ಸ್ವಾಮಿ. ಎಲ್ಲ ಕಾನೂನಿನ ಮೊದಲ ಪುಟದಲ್ಲೂ ನಮ್ಮ ಹೆಸರಿದೆ, ದುಡ್ಡು ಹಂಚುವ ಪುಟದಲ್ಲಿ ಮಾತ್ರ ಇಲ್ಲ.