ಕಿವಿ ಮೇಲೆ ಹೂವು, ಕಿವಿ ಒಳಗೆ ಮೊಗ್ಗು

ಮೊದಲು ಅಭಿನಂದನೆ. 2025ರಲ್ಲಿ ಆಪಲ್ ಕಂಪನಿಯವರು ತಂತಿಯನ್ನು ಕಂಡುಹಿಡಿದರು. ತಮ್ಮ ಏರ್‌ಪಾಡ್ಸ್ ಮ್ಯಾಕ್ಸ್ ಹೆಡ್‌ಫೋನಿಗೆ ಒಂದು ವಯರು ಚುಚ್ಚಿದರೆ ಹಾಡು ಚೂರೂ ಸೋರದೆ ಕಿವಿ ಮುಟ್ಟುತ್ತದೆ, ತಡವೂ ಆಗುವುದಿಲ್ಲ ಎಂದು ಪ್ರಕಟಣೆ ಹೊರಡಿಸಿದರು. ಅದಕ್ಕೊಂದು ಸಾಫ್ಟ್‌ವೇರ್ ಅಪ್‌ಡೇಟ್ ಬಂತು. ಒಂದು ತುದಿಗೆ ಯುಎಸ್‌ಬಿ-ಸಿ, ಇನ್ನೊಂದು ತುದಿಗೆ 3.5 ಮಿಲಿಮೀಟರ್ ಪಿನ್ನು ಇರುವ ಕೇಬಲ್ಲೂ ಬಂತು, ಅದಕ್ಕೆ ಬೇರೆ ದುಡ್ಡು. ಆರು ತಿಂಗಳ ಹಿಂದಷ್ಟೇ, ಅದೇ ಹೆಡ್‌ಫೋನಿನ ಯುಎಸ್‌ಬಿ-ಸಿ ಮಾದರಿ ಬಂದಾಗ, ತಂತಿ ಹಾಕಿ ಕೇಳುವ ದಾರಿಯನ್ನೇ ಇವರು ಮುಚ್ಚಿದ್ದರು. ಮನೆಯಿಂದ ಚೊಂಬು ಎತ್ತಿಕೊಂಡು ಹೋಗಿ ಆರು ತಿಂಗಳು ಬಿಟ್ಟು ಅದೇ ಚೊಂಬನ್ನು ಉಡುಗೊರೆ ಕಾಗದದಲ್ಲಿ ಸುತ್ತಿ ತಂದರೆ, ಈಗಿನ ಭಾಷೆಯಲ್ಲಿ ಅದಕ್ಕೆ ಹೊಸ ಫೀಚರ್ ಅನ್ನುತ್ತಾರೆ.

ಎಲ್ಲರ ಮನೆ ದೋಸೆಯೂ ತೂತೇ ಅನ್ನುವ ಹಾಗೆ ಎಲ್ಲರ ಫೋನೂ ತೂತೇ ಆಗಿದ್ದ ಕಾಲವೊಂದಿತ್ತು. ಇಯರ್‌ಫೋನಿನ ಪಿನ್ನು ಚುಚ್ಚುವ ಆ ತೂತಿನ, ಅಂದರೆ ಜ್ಯಾಕಿನ, ವಂಶ ದೊಡ್ಡದು. ಅಜ್ಜ 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನವನು, 6.35 ಮಿಲಿಮೀಟರ್ ದಪ್ಪ. ಗಿಟಾರು, ಆಂಪ್ಲಿಫೈಯರುಗಳಲ್ಲಿ ಇವತ್ತಿಗೂ ಗಟ್ಟಿಮುಟ್ಟಾಗಿದ್ದಾನೆ. ಮೊಮ್ಮಗ 3.5 ಮಿಲಿಮೀಟರಿನವನು ಟ್ರಾನ್ಸಿಸ್ಟರ್ ರೇಡಿಯೋಗಳಲ್ಲಿ ಬೆಳೆದು, 1979ರ ಸೋನಿ ವಾಕ್‌ಮನ್‌ನಲ್ಲಿ ಜೋಡಿಯಾಗಿ ಬಂದ. ಹೌದು, ಆ ಮೊದಲ ವಾಕ್‌ಮನ್‌ಗೆ ಎರಡು ತೂತು, ಇಬ್ಬರು ಒಟ್ಟಿಗೆ ಕೇಳಲಿ ಅಂತ. ಈಗ ಇಬ್ಬರು ಕೇಳಬೇಕೆಂದರೆ ಆಡಿಯೋ ಶೇರಿಂಗ್ ಅನ್ನುವ ಸೆಟ್ಟಿಂಗ್ ಹುಡುಕಬೇಕು, ಅದಕ್ಕೆ ಇಬ್ಬರ ಹೆಡ್‌ಫೋನೂ ಅದು ಒಪ್ಪುವ ಜಾತಿಯದ್ದೇ ಆಗಿರಬೇಕು.

2016ರ ಸೆಪ್ಟೆಂಬರಿನಲ್ಲಿ ಐಫೋನ್ 7ರ ವೇದಿಕೆಯ ಮೇಲೆ ಆಪಲ್‌ನ ಮಾರ್ಕೆಟಿಂಗ್ ಮುಖ್ಯಸ್ಥರಾಗಿದ್ದ ಫಿಲ್ ಶಿಲ್ಲರ್ ಅವರು ತೂತು ಮುಚ್ಚಿದ್ದಕ್ಕೆ ಕೊಟ್ಟ ಕಾರಣ ಒಂದೇ ಪದದ್ದು: ಧೈರ್ಯ. ಜಾಗ ಬೇಕಿತ್ತು ಅಂತಲೂ ಹೇಳಿದರು. ಆಮೇಲೆ ಫೋನು ಬಿಚ್ಚಿ ನೋಡಿದವರಿಗೆ ಹಳೇ ಜ್ಯಾಕಿನ ಜಾಗದಲ್ಲಿ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ತುಂಡು. ಎತ್ತರ ಅಳೆಯುವ ಒತ್ತಡಮಾಪಕಕ್ಕೆ ಗಾಳಿ ಆಡಲು ಅದು ಬೇಕಂತೆ, ಇರಲಿ. ಹೊರಗಡೆ ಮಾತ್ರ ಬಲಗಡೆಯ ಸ್ಪೀಕರಿಗೆ ಜೋಡಿಯಾಗಿ ಎಡಗಡೆಯೂ ಸಣ್ಣ ಸಣ್ಣ ತೂತಿನ ಸಾಲು ಕೊರೆದಿದ್ದರು, ಅದರ ಹಿಂದೆ ಸ್ಪೀಕರೇ ಇಲ್ಲ. ಕೆಲಸಕ್ಕೆ ಬರುವ ಒಂದು ತೂತು ಮುಚ್ಚಿ ಅಂದಕ್ಕೆ ನಾಲ್ಕಾರು ಕೊರೆಯುವುದಕ್ಕೂ ಧೈರ್ಯ ಬೇಕು, ಇಲ್ಲ ಅನ್ನುವುದಿಲ್ಲ.

ತೆಳ್ಳಗಿರಬೇಕಲ್ಲ ಅನ್ನುವವರಿಗೆ 2014ರ ಒಂದು ಜೋಡಿ ನೆನಪಿಸಬೇಕು. ಒಪ್ಪೋ ಆರ್5ರ ದಪ್ಪ 4.85 ಮಿಲಿಮೀಟರ್, ಅದರಲ್ಲಿ ಜ್ಯಾಕ್ ಇಲ್ಲ. ಅದೇ ಹೊತ್ತಿಗೆ ಬಂದ ವಿವೋ ಎಕ್ಸ್5 ಮ್ಯಾಕ್ಸ್ 4.75 ಮಿಲಿಮೀಟರ್, ಅದರಲ್ಲಿ ಜ್ಯಾಕ್ ಇದೆ. ತೂತಿಲ್ಲದ್ದಕ್ಕಿಂತ ತೂತಿದ್ದದ್ದೇ ತೆಳು. ಇವತ್ತು ಎಂಟು ಮಿಲಿಮೀಟರ್ ದಪ್ಪದ ಫೋನು, ಅದರ ಬೆನ್ನಿಗೆ ಕಜ್ಜಾಯ ಅಂಟಿಸಿದ ಹಾಗೆ ಕ್ಯಾಮೆರಾ. ಮೇಜಿನ ಮೇಲಿಟ್ಟರೆ ಮೂರು ಕಾಲಿನ ಕುರ್ಚಿಯ ಹಾಗೆ ಅಲ್ಲಾಡುತ್ತದೆ. ಅದರಲ್ಲಿ ಜಾಗ ಇಲ್ಲವಂತೆ. ನೀರು ಹೋಗುತ್ತದೆ ಅನ್ನುವುದು ಇನ್ನೊಂದು ನೆಪ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್7ನಿಂದ ಎಸ್10ರವರೆಗೆ ನೀರು ತಡೆಯುವ ಐಪಿ68 ದರ್ಜೆಯ ಫೋನುಗಳು ಜ್ಯಾಕ್ ಇಟ್ಟುಕೊಂಡೇ ನೀರಿಗಿಳಿದವು. ಸೋನಿಯವರು 2018ರಲ್ಲಿ ಎಕ್ಸ್‌ಪೀರಿಯಾ ಎಕ್ಸ್‌ಝಡ್2ರಿಂದ ಜ್ಯಾಕ್ ತೆಗೆದು, 2020ರ ಎಕ್ಸ್‌ಪೀರಿಯಾ 1 ಮಾರ್ಕ್ 2ರಲ್ಲಿ ತೆಪ್ಪಗೆ ವಾಪಸು ತಂದರು. ಯಾವ ಫೋನೂ ಮುಳುಗಲಿಲ್ಲ.

ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು. ಆ ವನದ ವಿಚಾರಕ್ಕೆ ಬಂದರೆ ಗೂಗಲ್‌ನವರದ್ದು ಪ್ರತ್ಯೇಕ ಪುರಾಣ. 2016ರಲ್ಲಿ ಮೊದಲ ಪಿಕ್ಸೆಲ್ ಫೋನು ಬಿಟ್ಟಾಗ ನಮ್ಮಲ್ಲಿ ಜ್ಯಾಕ್ ಇದೆ ನೋಡಿ ಎಂದು ಆಪಲ್‌ಗೆ ಚುಚ್ಚಿದರು. 2017ರ ಪಿಕ್ಸೆಲ್ 2ರಲ್ಲಿ ಜ್ಯಾಕ್ ಮಾಯ. 2019ರ 3ಎಯಲ್ಲಿ ಮತ್ತೆ ಪ್ರತ್ಯಕ್ಷ. 2021ರಲ್ಲಿ 5ಎ ಬಂದಾಗ ಆ ದುಂಡನೆಯ ತೂತಿನ ಗುಣಗಾನಕ್ಕೆಂದೇ ಒಂದು ಜಾಹೀರಾತು ಮಾಡಿದರು, ಮರುವರ್ಷದ 6ಎಯಲ್ಲಿ ಅದೂ ಇಲ್ಲ. ಇಷ್ಟು ಸಲ ಸತ್ತು ಹುಟ್ಟಿದ್ದಕ್ಕೆ ಇನ್ನೊಬ್ಬರಾದರೆ ದೇವಸ್ಥಾನ ಕಟ್ಟಿಸುತ್ತಿದ್ದರು. ಸ್ಯಾಮ್‌ಸಂಗ್ 2017ರಲ್ಲಿ ಐಫೋನಿನವನ ಕೈಯಲ್ಲಿ ನೇತಾಡುವ ಡಾಂಗಲ್ (ತೂತಿಲ್ಲದ ಫೋನಿಗೆ ಹಳೇ ಪಿನ್ನು ಸೇರಿಸುವ ತುಂಡು ವಯರು) ತೋರಿಸಿ ನಕ್ಕಿತು, 2019ರ ನೋಟ್ 10ರಲ್ಲಿ ತಾನೂ ಜ್ಯಾಕ್ ಕಿತ್ತಿತು.

ಆಪಲ್‌ನ ಧೈರ್ಯ ಮಾತ್ರ ಮುಂದೆ ಮುಂದೆ ನಡೆಯಿತು. 2018ರಲ್ಲಿ ಪೆಟ್ಟಿಗೆಯಿಂದ ಡಾಂಗಲ್ ಹೋಯಿತು. 2020ರಲ್ಲಿ ಇಯರ್‌ಫೋನೂ ಚಾರ್ಜರೂ ಹೋದವು, ಪರಿಸರದ ಮೇಲಿನ ಪ್ರೀತಿಯಿಂದ. ಫ್ರಾನ್ಸಿನಲ್ಲಿ ಮಾತ್ರ ಫೋನಿನ ಜೊತೆ ಇಯರ್‌ಫೋನ್ ಕೊಡಲೇಬೇಕೆಂಬ ಕಾನೂನಿತ್ತು. ಅಲ್ಲಿ ಐಫೋನ್ 12ರ ಪೆಟ್ಟಿಗೆಯನ್ನು ಇಯರ್‌ಫೋನಿನ ಸಮೇತ ಇನ್ನೊಂದು ದೊಡ್ಡ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಧೈರ್ಯಕ್ಕೂ ಕಾನೂನಿನ ಭಯ ಇರುತ್ತದೆ ಎಂದು ಗೊತ್ತಾದದ್ದು ಅಲ್ಲೇ. ಇನ್ನೊಂದು ಮಜಾ: 2021ರ ಮ್ಯಾಕ್‌ಬುಕ್ ಪ್ರೋದಲ್ಲಿ ಇದೇ ಕಂಪನಿ 3.5 ಮಿಲಿಮೀಟರ್ ಜ್ಯಾಕನ್ನು ಸುಧಾರಿಸಿ, ಹೆಚ್ಚು ಇಂಪೀಡೆನ್ಸಿನ, ಅಂದರೆ ವಿದ್ಯುತ್ತಿಗೆ ಹೆಚ್ಚು ತಡೆಯೊಡ್ಡುವ, ಹೆಡ್‌ಫೋನುಗಳಿಗೂ ಸಲ್ಲುತ್ತದೆ ಎಂದು ಹೊಗಳಿಕೊಂಡಿತು. ಜೇಬಿನಲ್ಲಿ ಓಬೀರಾಯನ ಕಾಲದ್ದು, ಮೇಜಿನ ಮೇಲೆ ವೃತ್ತಿಪರರದ್ದು.

ಕಿವಿಗೆ ಡಿಜಿಟಲ್ ಅರ್ಥವಾಗುವುದಿಲ್ಲ. ಸೊನ್ನೆ ಒಂದುಗಳನ್ನು ಎಲ್ಲೋ ಒಂದು ಕಡೆ ಅಲೆಯಾಗಿ, ಅಂದರೆ ಅನಲಾಗ್ ಆಗಿ, ಬದಲಾಯಿಸಲೇಬೇಕು, ಆ ಕೆಲಸ ಮಾಡುವ ಚಿಪ್ಪಿಗೆ ಡ್ಯಾಕ್ ಅನ್ನುತ್ತಾರೆ. ಫೋನಿಗೆ ಸ್ಪೀಕರ್ ಇರುವ ತನಕ ಅದರೊಳಗೆ ಡ್ಯಾಕೂ ಇರುತ್ತದೆ, ಆಂಪ್ಲಿಫೈಯರೂ ಇರುತ್ತದೆ. ಅಂದರೆ ಅಡುಗೆಮನೆ ಹಾಗೇ ಇದೆ, ಬಾಗಿಲು ಮಾತ್ರ ಕಿತ್ತರು. ಈಗ ಡಾಂಗಲ್ ಒಳಗೆ ಇನ್ನೊಂದು ಡ್ಯಾಕು, ಬ್ಲೂಟೂತಾದರೆ ಪ್ರತಿ ಮೊಗ್ಗಿನೊಳಗೂ, ಅಂದರೆ ತಂತಿಯಿಲ್ಲದ ಇಯರ್‌ಬಡ್ಡಿನೊಳಗೂ, ಒಂದೊಂದು. 2020ರ ಏರ್‌ಪಾಡ್ಸ್ ಮ್ಯಾಕ್ಸನ್ನು ತಂತಿಯಲ್ಲಿ ಸೇರಿಸಿದರೆ ನಡೆಯುತ್ತಿದ್ದುದು ಇನ್ನೂ ಚೆಂದ. ಮೂಲದಲ್ಲಿ ಡಿಜಿಟಲ್ ಆಗಿದ್ದ ಹಾಡು ಅನಲಾಗ್ ಆಗಿ ಕೇಬಲ್ಲಿಗೆ ಇಳಿದು, ಅಲ್ಲಿ ಮತ್ತೆ 24 ಬಿಟ್, 48 ಕಿಲೋಹರ್ಟ್ಸ್ ಡಿಜಿಟಲ್ ಆಗಿ, ಹೆಡ್‌ಫೋನಿನ ಒಳಗೆ ಮತ್ತೊಮ್ಮೆ ಅನಲಾಗ್ ಆಗಿ ಕಿವಿಗೆ ಬೀಳುತ್ತಿತ್ತು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದವರಿಗೆ ದಾರಿಯಲ್ಲಿ ಮೂರು ಸಲ ಬಟ್ಟೆ ಬದಲಾಯಿಸುವ ಶಿಕ್ಷೆ.

ಇನ್ನು ಡಾಂಗಲ್. ಮೂಗಿಗಿಂತ ಮೂಗುತಿ ಭಾರ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಚಿತ್ರ ಇಲ್ಲ. ಯುಎಸ್‌ಬಿ-ಸಿಯಿಂದ 3.5 ಮಿಲಿಮೀಟರಿಗೆ ಮಾಡುವ ಡಾಂಗಲ್ಲುಗಳಲ್ಲಿ ಎರಡು ಜಾತಿ. ಒಂದು ಬರೀ ವಯರು, ಒಳಗೆ ಏನೂ ಇಲ್ಲ, ಫೋನೇ ಅನಲಾಗ್ ಸದ್ದನ್ನು ಯುಎಸ್‌ಬಿ ಪಿನ್ನುಗಳಿಗೆ ಬಿಡಬೇಕು. ಇನ್ನೊಂದರೊಳಗೆ ಡ್ಯಾಕ್ ಇರುತ್ತದೆ. ಮೊದಲನೆಯದನ್ನು ತಂದು ಅನಲಾಗ್ ಬಿಡದ ಫೋನಿಗೆ ಹಾಕಿದರೆ ಮೌನ. ಹೊರಗಿನಿಂದ ಎರಡೂ ಅವಳಿ ಮಕ್ಕಳು, ಎಷ್ಟೋ ಪ್ಯಾಕೆಟ್ಟಿನ ಮೇಲೆ ಯಾವ ಜಾತಿ ಎಂದು ಬರೆದೇ ಇರುವುದಿಲ್ಲ. ಕಂಡುಹಿಡಿಯುವ ಉಪಾಯ: ಲ್ಯಾಪ್‌ಟಾಪಿನ ಯುಎಸ್‌ಬಿ-ಸಿಗೆ ಚುಚ್ಚಿ ಸೌಂಡ್ ಸೆಟ್ಟಿಂಗ್ಸ್ ನೋಡಿ. ಹೊಸದೊಂದು ಆಡಿಯೋ ಸಾಧನದ ಹೆಸರು ಕಂಡರೆ ಒಳಗೆ ಡ್ಯಾಕ್ ಇದೆ, ಕಾಣದಿದ್ದರೆ ಬರೀ ತಂತಿ.

ಡ್ಯಾಕ್ ಇದ್ದದ್ದೇ ತಂದಿರಿ ಅಂದುಕೊಳ್ಳಿ. ಕೆಲವು ಫೋನುಗಳಲ್ಲಿ ಮೊದಲು ಸೆಟ್ಟಿಂಗ್ಸಿಗೆ ಹೋಗಿ, ಯುಎಸ್‌ಬಿಗೆ ಹೊರಗಿನ ಸಾಧನ ಸೇರಿಸಲು ಬಿಡುವ ಓಟಿಜಿ ಆನ್ ಮಾಡಬೇಕು. ಹತ್ತು ನಿಮಿಷ ಸುಮ್ಮನಿದ್ದರೆ ಅದು ತಾನೇ ಆಫ್ ಆಗುತ್ತದೆ. ಊಟ ಮುಗಿಸಿ ಬಂದು ಪ್ಲೇ ಒತ್ತಿದರೆ ಹಾಡು ಸ್ಪೀಕರಿನಿಂದ ಊರಿಗೆಲ್ಲ. ಕೆಲವು ಡಾಂಗಲ್ ಒಂದು ಫೋನಿನಲ್ಲಿ ಗಟ್ಟಿ, ಇನ್ನೊಂದರಲ್ಲಿ ಪಿಸುಮಾತು. ಡಾಂಗಲ್ ತನ್ನದೇ ವಾಲ್ಯೂಮ್ ಇಟ್ಟುಕೊಂಡಿರುತ್ತದೆ, ಫೋನು ಅದನ್ನು ಏರಿಸಲು ಹೋಗುವುದಿಲ್ಲ, ತನ್ನ ವಾಲ್ಯೂಮ್ ಪೂರ್ತಿ ಏರಿಸಿ ಕೈ ತೊಳೆದುಕೊಳ್ಳುತ್ತದೆ. ಹಾಡು ಕೇಳುತ್ತಲೇ ಚಾರ್ಜ್ ಮಾಡಬೇಕೇ? ಕವಲೊಡೆದ ಇನ್ನೊಂದು ಅಡಾಪ್ಟರ್ ಬೇಕು. ಅಗ್ಗದ್ದಾದರೆ ಚಾರ್ಜರಿನ ಗುಂಯ್ ಅನ್ನುವ ಶ್ರುತಿ ಹಾಡಿನ ಉದ್ದಕ್ಕೂ ಉಚಿತ. ದುಂಡನೆಯ ಪಿನ್ನು ಯಾವ ಕಡೆ ಎಳೆದರೂ ತನ್ನ ತೂತಿನೊಳಗೆ ತಿರುಗಿಕೊಳ್ಳುತ್ತದೆ. ಚಪ್ಪಟೆ ಯುಎಸ್‌ಬಿ-ಸಿ ತಿರುಗುವುದಿಲ್ಲ. ಜೇಬಿನಲ್ಲಿಟ್ಟು ಕೂತಾಗ ಡಾಂಗಲ್ ಹಾರೆಯಂತೆ ಮೀಟುತ್ತದೆ. ಒಂದು ದಿನ ಪೋರ್ಟು ಸಡಿಲವಾಗುತ್ತದೆ. ಫೋನಿಗೆ ಅನ್ನ ಹೋಗುವ ಬಾಯಿಯೂ ಅದೇ ಎಂದು ಆವತ್ತು ನೆನಪಾಗುತ್ತದೆ.

ಇಷ್ಟೆಲ್ಲ ಯಾಕೆ, ಬ್ಲೂಟೂತ್ ಇದೆಯಲ್ಲ ಅನ್ನುತ್ತಾರೆ. ಇದೆ. ಸದ್ದನ್ನು ಕುಗ್ಗಿಸಿ ಕಳಿಸುವ ಸಾಮಾನ್ಯ ವಿಧಾನವಾದ ಎಸ್‌ಬಿಸಿ ಕೋಡೆಕ್ಕಿನಲ್ಲಿ ಸದ್ದು 150ರಿಂದ 250 ಮಿಲಿಸೆಕೆಂಡು ಹಿಂದೆ ಬರುತ್ತದೆ. ವಿಡಿಯೋ ಆಪ್‌ಗಳು ಚಿತ್ರವನ್ನೂ ಅಷ್ಟೇ ತಡಮಾಡಿ ಮಾನ ಉಳಿಸುತ್ತವೆ. ಗೇಮಿನಲ್ಲಿ, ಮೊಬೈಲಿನ ಪಿಯಾನೋ ಆಪ್‌ನಲ್ಲಿ ಆ ಉಪಾಯ ನಡೆಯುವುದಿಲ್ಲ, ಬೆರಳು ಇಟ್ಟ ಮೇಲೆ ಸ್ವರ ಯೋಚಿಸಿ ಬರುತ್ತದೆ. ಇನ್ನು ಮೀಟಿಂಗ್ ಶುರುವಾಗಿ ಮೈಕ್ ಆನ್ ಆದ ಕ್ಷಣ ಸದ್ದು ಡಬ್ಬದೊಳಗೆ ಬಿದ್ದಂತಾಗುತ್ತದಲ್ಲ, ಅದು ಕೆಟ್ಟದ್ದಲ್ಲ, ನಿಯಮವೇ ಹಾಗೆ. ಬ್ಲೂಟೂತಿನಲ್ಲಿ ಹಾಡಿಗೊಂದು, ಕರೆಗೊಂದು ನಿಯಮದ ಕಟ್ಟು, ಅದಕ್ಕೆ ಪ್ರೊಫೈಲ್ ಅನ್ನುತ್ತಾರೆ. ಹಾಡಿನ ಪ್ರೊಫೈಲಿನಲ್ಲಿ ಮೈಕಿಗೆ ದಾರಿ ಇಲ್ಲ. ಹಾಗಾಗಿ ಸಂಪರ್ಕ ಕರೆಯ ಪ್ರೊಫೈಲಿಗೆ ಜಿಗಿಯುತ್ತದೆ, ಅಲ್ಲಿ ಮಾಮೂಲಾಗಿ 8 ಅಥವಾ 16 ಕಿಲೋಹರ್ಟ್ಸಿನ ಒಂಟಿ ಚಾನೆಲ್ಲು. ದುಬಾರಿ ಹೆಡ್‌ಫೋನ್ ಹಾಕಿಕೊಂಡು ಹಳೇ ಲ್ಯಾಂಡ್‌ಲೈನ್ ಕೇಳುವ ಸುಖ.

ಇದೆಲ್ಲ ನಗುವ ವಿಷಯ. ನಗು ಬಾರದ್ದು ಬ್ಯಾಟರಿ. ಒಂದೊಂದು ಮೊಗ್ಗಿನೊಳಗೂ ಪುಟಾಣಿ ಲಿಥಿಯಂ ಸೆಲ್, ಉಗುರಿನಷ್ಟು. ಮುನ್ನೂರೋ ಐನೂರೋ ಸಲ ಚಾರ್ಜಾದ ಮೇಲೆ ಅದು ಸೊರಗುತ್ತದೆ, ಎರಡರಲ್ಲಿ ಒಂದು ಮೊದಲು. ಒಳಗಿನ ಸ್ಪೀಕರ್ ಚೆನ್ನಾಗಿದೆ, ಮೈಕ್ ಚೆನ್ನಾಗಿದೆ, ಚಿಪ್ ಚೆನ್ನಾಗಿದೆ. ಆದರೆ ಮೈಯೆಲ್ಲ ಗೋಂದು, ಮುರಿಯದೆ ಬಿಚ್ಚಲಾಗದು. ರಿಪೇರಿಗೆ ಅಂಕ ಕೊಡುವ ಐಫಿಕ್ಸಿಟ್ ಮೊದಲ ಏರ್‌ಪಾಡ್ಸಿಗೆ ಕೊಟ್ಟದ್ದು ಹತ್ತಕ್ಕೆ ಸೊನ್ನೆ. ತಂತಿಯ ಇಯರ್‌ಫೋನಿನಲ್ಲಿ ಇರುವುದು ಒಂದು ಅಯಸ್ಕಾಂತ, ಒಂದು ಸುರುಳಿ, ಒಂದು ತೆಳು ಪೊರೆ. ಚಾರ್ಜು ಬೇಡ, ಅಪ್‌ಡೇಟು ಬೇಡ, ಪೇರಿಂಗು ಬೇಡ. ಜೋಪಾನ ಮಾಡಿದರೆ ಇಪ್ಪತ್ತು ವರ್ಷ ಹಾಡುತ್ತದೆ. ಅಂಥದ್ದನ್ನು ಹಳತು ಅಂದು, ಎರಡು ಮೂರು ವರ್ಷಕ್ಕೆ ಕಸವಾಗುವುದನ್ನು ಮುಂದುವರಿದದ್ದು ಅಂದು, ಅದೇ ಬಾಯಲ್ಲಿ ಪರಿಸರದ ಹೆಸರು ಹೇಳಿ ಪೆಟ್ಟಿಗೆಯಿಂದ ಚಾರ್ಜರ್ ಕದಿಯುತ್ತಾರೆ. ಇವರಿಗೆ ನಾಚಿಕೆ ಆಗುವುದಿಲ್ಲ, ನಮಗೂ ಕೇಳಿ ಕೇಳಿ ಸಾಕಾಗಿದೆ. ಆ ತೂತು ಯಾರಪ್ಪನ ಮನೆಯ ಆಸ್ತಿಯೂ ಆಗಿರಲಿಲ್ಲ. ಅದಕ್ಕೆ ಪಿನ್ನು ಮಾಡುವವರು ಯಾರ ಲೈಸೆನ್ಸಿಗೂ ಕಾಯಬೇಕಿರಲಿಲ್ಲ. ಅದೇ ಅದರ ತಪ್ಪು.

ಕಿವಿಯ ಮೇಲೆ ಹೂ ಇಡುವುದು ಹಳೇ ಕಲೆ. ಕಿವಿಯೊಳಗೆ ಮೊಗ್ಗನ್ನೇ ಇಟ್ಟು ದುಡ್ಡು ಎಣಿಸಿಕೊಂಡವರು ಇವರೇ ಮೊದಲು.

ಫೋನಿನೊಳಗಿನ ಎಫ್‌ಎಂ ರೇಡಿಯೋದ ಶ್ರಾದ್ಧವೂ ಇದರ ಜೊತೆಗೇ ಆಯಿತು. 88ರಿಂದ 108 ಮೆಗಾಹರ್ಟ್ಸಿನ ಅಲೆಯ ಉದ್ದ ಸುಮಾರು ಮೂರು ಮೀಟರ್. ಅದನ್ನು ಹಿಡಿಯಲು ಮುಕ್ಕಾಲು ಮೀಟರಿನಷ್ಟಾದರೂ ತಂತಿ ಇದ್ದರೆ ಚೆನ್ನ. ಇಯರ್‌ಫೋನಿನ ವಯರೇ ಆಂಟೆನಾ ಆಗಿತ್ತು. ನೆಟ್‌ವರ್ಕ್ ಸತ್ತ ದಿನ ಸುದ್ದಿ ಕೇಳಲು ಉಳಿಯುತ್ತಿದ್ದ ದಾರಿ ಅದೊಂದೇ.

ಮನೆಯಲ್ಲಿ ಒಂದು ಕಡೆ ಕೇಳದ ಹಳೇ ಇಯರ್‌ಫೋನ್ ಇದ್ದರೆ ಎಸೆಯಬೇಡಿ. ಪಿನ್ನಿನ ಕುತ್ತಿಗೆಯ ಹತ್ತಿರ ವಯರು ಬಾಗಿಸಿದಾಗ ಸದ್ದು ಬಂದು ಹೋಗಿ ಮಾಡಿದರೆ ತುಂಡಾಗಿರುವುದು ಅಲ್ಲೇ. ಪಿನ್ನಿನಿಂದ ಮೂರು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಹೊಸ ನಾಲ್ಕು ಪಟ್ಟಿಯ ಪಿನ್ನು ತನ್ನಿ. ಅದರ ಮುಚ್ಚಳವನ್ನೂ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಟ್ಯೂಬನ್ನೂ ಮೊದಲೇ ವಯರಿಗೆ ಪೋಣಿಸಿ. ಇದನ್ನು ಮರೆಯದವರು ಯಾರೂ ಇಲ್ಲ, ಬೆಸುಗೆ ಎಲ್ಲ ಮುಗಿದ ಮೇಲೆ ಮುಚ್ಚಳ ಮೇಜಿನ ಮೇಲೆ ನಗುತ್ತಿರುತ್ತದೆ. ಒಳಗಿನ ಎಳೆಗಳಲ್ಲಿ ಸಾಮಾನ್ಯವಾಗಿ ಕೆಂಪು ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ, ತಾಮ್ರದ ಬಣ್ಣದ್ದು ಗ್ರೌಂಡ್, ಉಳಿದದ್ದು ಮೈಕ್. ಬಣ್ಣವೇ ಇನ್ಸುಲೇಷನ್, ಅದರ ಮೇಲೆ ಬೆಸುಗೆ ಕೂರುವುದಿಲ್ಲ. ಬೆಸುಗೆ ಹಾಕುವ ಐರನ್ನಿನ ತುದಿಯಲ್ಲಿ ಒಂದು ಹನಿ ಸೀಸ ಕರಗಿಸಿ, ಎಳೆಯ ತುದಿಯನ್ನು ಅದರೊಳಗೆ ಕೆಲವು ಸೆಕೆಂಡು ಹಿಡಿಯಿರಿ. ಬಣ್ಣ ಸುಟ್ಟು ಹೊಗೆಯಾಗಿ ತುದಿ ಬೆಳ್ಳಗೆ ಹೊಳೆಯಬೇಕು. ಈಗ ಸಾಮಾನ್ಯವಾಗಿರುವ ಸಿಟಿಐಎ ಅನ್ನುವ ಜೋಡಣೆಯ ಕ್ರಮದಲ್ಲಿ ಪಿನ್ನಿನ ತುದಿ ಎಡ, ಮೊದಲ ಉಂಗುರ ಬಲ, ಎರಡನೆಯದು ಗ್ರೌಂಡ್, ಬುಡ ಮೈಕ್. ಹಳೇ ಓಎಂಟಿಪಿ ಕ್ರಮದಲ್ಲಿ ಕೊನೆಯ ಎರಡು ಅದಲುಬದಲು. ತಪ್ಪಿದರೆ ಗಾಯಕರ ದನಿ ಮಾಯವಾಗಿ ವಾದ್ಯಗಳಷ್ಟೇ ಗುಹೆಯಿಂದ ಬಂದಂತೆ ಕೇಳುತ್ತವೆ, ಮೈಕಿನ ಗುಂಡಿ ಒತ್ತಿ ಹಿಡಿದರೆ ಸರಿಹೋಗುತ್ತದೆ. ಹಾಗಾದರೆ ಆ ಎರಡು ಎಳೆ ಅದಲುಬದಲಾಗಿವೆ ಎಂದೇ ಅರ್ಥ, ಬಿಚ್ಚಿ ಮತ್ತೆ ಹಾಕಿ.

ಆಮೇಲೆ ಹಳೇ ರೇಡಿಯೋಗೋ ಲ್ಯಾಪ್‌ಟಾಪಿಗೋ ಹಾಕಿ ನೋಡಿ. ಎರಡೂ ಕಿವಿಗೆ ಕೇಳುತ್ತದೆ. ಫೋನು ಬೇಕಿದ್ದರೆ ಪಕ್ಕದಲ್ಲಿ ಚಾರ್ಜಿಗೆ ಹಾಕಿಡಿ, ಅದಕ್ಕಿರುವುದು ಒಂದೇ ತೂತು.