ಸೆರಗು, ಚೌಕಳಿ, ಖಣ: ಬೀದಿಯ ಬಟ್ಟೆಯ ಡಿಸೈನನ್ನು ಫೋಟೋ ಸರಣಿ ಮಾಡುವುದು

ಬೀದಿ ಫ್ಯಾಷನ್ ಫೋಟೋಗ್ರಫಿ ಅಂದರೆ ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಕೂದಲಿಗೆ ನೀಲಿ ಬಣ್ಣ ಬಳಿದುಕೊಂಡವರನ್ನು ಹುಡುಕಿ ಕ್ಲಿಕ್ಕಿಸುವುದು ಅಂತ ಬಹಳ ಜನ ತಿಳಿದಿದ್ದಾರೆ. ಅಂಥ ಐವತ್ತು ಫೋಟೋ ಒಟ್ಟಿಗಿಟ್ಟರೆ ಆಲ್ಬಮ್ ಆದೀತೇ ಹೊರತು ಸರಣಿ ಆಗುವುದಿಲ್ಲ. ಸರಣಿಗೆ ಬೇಕಾದದ್ದು ಮತ್ತೆ ಮತ್ತೆ ಕಣ್ಣಿಗೆ ಬೀಳುವ ಒಂದೇ ಒಂದು ಡಿಸೈನು, ಮತ್ತು ಅದರ ಮುಂದೆ ಹಟ ಹಿಡಿದು ಒಂದೇ ರೀತಿ ನಿಲ್ಲುವ ಕ್ಯಾಮೆರಾ. ಬದಲಾಗುವ ಕೆಲಸ ಬಟ್ಟೆಯದು, ತೊಟ್ಟವರದು.

ನ್ಯೂಯಾರ್ಕಿನ ಬಿಲ್ ಕನ್ನಿಂಗ್‌ಹ್ಯಾಮ್ (ತೀರಿಕೊಂಡದ್ದು 2016ರಲ್ಲಿ) ಸೈಕಲ್ ಮೇಲೆ ಓಡಾಡುತ್ತಾ ನ್ಯೂಯಾರ್ಕ್ ಟೈಮ್ಸ್‌ಗೆ ದಶಕಗಟ್ಟಲೆ ಮಾಡಿದ್ದು ಇದನ್ನೇ: ಬೀದಿಯಲ್ಲಿ ಯಾವುದು ಮರುಕಳಿಸುತ್ತಿದೆ ಅಂತ ನೋಡಿ, ಅದನ್ನೊಂದೇ ಒಂದು ಪುಟದಲ್ಲಿ ಗುಡ್ಡೆ ಹಾಕುವುದು. ನೆದರ್‌ಲ್ಯಾಂಡ್ಸ್‌ನ ಹಾನ್ಸ್ ಐಕೆಲ್‌ಬೋಮ್ 1990ರ ದಶಕದ ಶುರುವಿನಿಂದ ಊರೂರು ಬೀದಿಗಳಲ್ಲಿ ನಿಂತು, ಒಂದೇ ಥರದ ಅಂಗಿ ತೊಟ್ಟವರನ್ನು ತೆಗೆದು ಸಾಲುಸಾಲಾಗಿ ಜೋಡಿಸಿದರು. ಕ್ಯಾಮೆರಾ ಎದೆಯ ಮೇಲೆ ತೂಗುತ್ತಿತ್ತು, ಶಟರ್ ಒತ್ತುವ ಗುಂಡಿ ಜೇಬಿನೊಳಗೆ. ಅವರಿಂದ ಶಿಸ್ತು ಕಲಿಯೋಣ. ಜೇಬಿನ ಗುಂಡಿ ನಮಗೆ ಬೇಡ, ಅದಕ್ಕೆ ಆಮೇಲೆ ಬರುತ್ತೇನೆ.

ಜಾಗ ಯಾವುದು ಅಂದರೆ ಹುಬ್ಬಳ್ಳಿಯ ದುರ್ಗದಬೈಲ್ ಪೇಟೆ ಅನ್ನುತ್ತೇನೆ. ಇಳಕಲ್ ಸೀರೆಯ ಸೆರಗು, ಗುಳೇದಗುಡ್ಡ ಖಣದ ಕುಪ್ಪಸ, ಹುಡುಗರ ಚೆಕ್ಸ್ ಶರ್ಟು ಮೂರೂ ಒಂದೇ ಬೀದಿಯಲ್ಲಿ ಸಿಗುತ್ತವೆ. ಮೂರನ್ನೂ ಒಂದೇ ಸರಣಿಗೆ ತುರುಕುವ ಆಸೆ ಬರುತ್ತದೆ. ತುರುಕಬೇಡಿ, ಒಂದನ್ನು ಆರಿಸಿಕೊಳ್ಳಿ.

ಸೆರಗು ಅಂತಿಟ್ಟುಕೊಳ್ಳೋಣ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಓಡುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಬಣ್ಣ ಥಟ್ಟನೆ ಬದಲಾಗಿ ಕೆಂಪು ಶುರುವಾಗುವ ಗೆರೆ ಅದೇ. ಆ ಗೆರೆ ಚೌಕಟ್ಟಿನೊಳಗೆ ಬರಲೇಬೇಕು, ಇಲ್ಲದಿದ್ದರೆ ಬರೀ ಕೆಂಪು ಬಟ್ಟೆಯ ಫೋಟೋ ಆಗುತ್ತದೆ. ಕೆಂಪಿನ ಮೇಲೆ ಬಿಳಿಯಲ್ಲಿ ಬರುವ ಡಿಸೈನಿಗೆ ತೆನೆ ಅನ್ನುತ್ತಾರೆ, ಅದರಲ್ಲೂ ಬಗೆಗಳಿವೆ: ಕೆಲವು ಬಾಚಣಿಗೆಯ ಹಲ್ಲಿನಂತೆ, ಕೆಲವು ಕೋಟೆಯ ಮೇಲಂಚಿನಂತೆ, ಕೆಲವು ಜೋಳದ ತೆನೆಯಂತೆ. ಸರಣಿಯ ಜೀವ ಇರುವುದು ಈ ವ್ಯತ್ಯಾಸದಲ್ಲಿ. ಅದು ಕಾಣಬೇಕಾದರೆ ಉಳಿದದ್ದೆಲ್ಲ ಒಂದೇ ಥರ ಇರಬೇಕು.

ಒಂದೇ ಥರ ಅಂದರೆ ಹೀಗೆ. ಫುಲ್ ಫ್ರೇಮ್ ಕ್ಯಾಮೆರಾ (ಬೆಳಕು ಹಿಡಿಯುವ ಸೆನ್ಸರ್ ದೊಡ್ಡದು) ಆದರೆ 50 ಎಂಎಂ ಲೆನ್ಸ್, ಎಪಿಎಸ್-ಸಿ (ಸೆನ್ಸರ್ ಚಿಕ್ಕದು) ಆದರೆ 35 ಎಂಎಂ. ಕ್ಯಾಮೆರಾ ಉದ್ದಕ್ಕೆ ಹಿಡಿದು ಮೂರು ಮೀಟರ್, ಅಂದರೆ ಹತ್ತು ಅಡಿ ದೂರದಿಂದ ತೆಗೆದರೆ ಸುಮಾರು ಎರಡು ಮೀಟರ್ ಎತ್ತರ ಚೌಕಟ್ಟಿಗೆ ಬರುತ್ತದೆ. ಆಳು ನೆತ್ತಿಯಿಂದ ಪಾದದವರೆಗೆ ಬಂದು ಸ್ವಲ್ಪ ಜಾಗ ಉಳಿಯುತ್ತದೆ. ಸೆರಗಷ್ಟೇ ಬೇಕಾದರೆ ಒಂದು ಮೀಟರ್ ಸಾಕು, ಸುಮಾರು 70 ಸೆಂ.ಮೀ. ಎತ್ತರ ಸಿಗುತ್ತದೆ. ಝೂಮ್ ಲೆನ್ಸ್ ಇದ್ದರೆ ಒಂದು ಅಳತೆಗೆ ಟೇಪ್ ಅಂಟಿಸಿಬಿಡಿ. 24 ಎಂಎಂ ಬಳಸಿ ಹತ್ತಿರ ಹೋದರೆ ಅಂಚಿನಲ್ಲಿ ಚೌಕಗಳು ಜಗ್ಗಿದಂತೆ ಕಾಣುತ್ತವೆ.

ಕ್ಯಾಮೆರಾದ ಎತ್ತರಕ್ಕೆ ಬಹಳ ಜನ ಗಮನ ಕೊಡುವುದಿಲ್ಲ. ಕಣ್ಣಿನ ಮಟ್ಟದಿಂದ ಕೆಳಕ್ಕೆ ಬಾಗಿಸಿ ತೆಗೆದರೆ ಚೌಕಳಿಯ ಗೆರೆಗಳು ಕೆಳಗೆ ಹೋದಂತೆ ಕಿರಿದಾಗುತ್ತವೆ. ಒಂದೇ ಫೋಟೋದಲ್ಲಿ ಇದು ಗೊತ್ತೇ ಆಗುವುದಿಲ್ಲ, ಹದಿನಾರನ್ನು ಪಕ್ಕಪಕ್ಕ ಇಟ್ಟಾಗ ಕಣ್ಣಿಗೆ ಹೊಡೆಯುತ್ತದೆ. ಮೊಣಕಾಲು ಮಡಿಸಿ, ಕ್ಯಾಮೆರಾವನ್ನು ಎದುರಿನವರ ಹೊಟ್ಟೆಯ ಮಟ್ಟಕ್ಕೆ ತಂದು ನೇರ ಹಿಡಿಯಿರಿ.

ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಕಿಂಡಿ) ಎಫ್/8 ಇಟ್ಟು ಮೂರು ಮೀಟರಿಗೆ ಫೋಕಸ್ ಕಟ್ಟಿದರೆ ಫುಲ್ ಫ್ರೇಮಿನಲ್ಲಿ ಸುಮಾರು 2.3ರಿಂದ 4.2 ಮೀಟರಿನ ನಡುವೆ ಇರುವುದೆಲ್ಲ ಸ್ಪಷ್ಟ ಬರುತ್ತದೆ, ಸಂತೆಯ ಗದ್ದಲದಲ್ಲಿ ಆಟೋಫೋಕಸ್‌ನ ಹಂಗಿಲ್ಲ. ಶಟರ್ 1/500, ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) ಆಟೋ, ಮೇಲ್ಮಿತಿ 3200. ಹಿಂದೆಲ್ಲ ಮಸುಕಾಗಲಿ ಅಂತ ಕಿಂಡಿ ಅಗಲಿಸಿ ಎಫ್/1.8 ಇಟ್ಟರೆ ಒಂದು ಭುಜದ ನೇಯ್ಗೆ ಸ್ಪಷ್ಟ, ಇನ್ನೊಂದು ಭುಜದ್ದು ಮಂಜು.

ಈಗ ಅತಿ ಹೆಚ್ಚು ಕಾಟ ಕೊಡುವ ವಿಷಯ. ಸಣ್ಣ ಚೌಕಳಿ, ಸಣ್ಣ ಪಟ್ಟಿ ಇರುವ ಬಟ್ಟೆಯನ್ನು ತೆಗೆದಾಗ ಅದರ ಮೇಲೆ ಇಲ್ಲದ ಅಲೆಗಳು, ಕೆಲವೊಮ್ಮೆ ಕಾಮನಬಿಲ್ಲಿನ ಬಣ್ಣಗಳು ಏಳುತ್ತವೆ. ಇದಕ್ಕೆ ಮ್ವಾರೇ ಅನ್ನುತ್ತಾರೆ. ಬಟ್ಟೆಯ ಗೆರೆಗಳ ಅಂತರ ಸೆನ್ಸರಿನ ಪಿಕ್ಸೆಲ್ ಸಾಲಿನ ಅಂತರಕ್ಕೆ ಸಮೀಪ ಬಂದಾಗ ಎರಡೂ ಒಂದರ ಮೇಲೊಂದು ಬಿದ್ದು ಹುಟ್ಟುವ ಸುಳ್ಳು ಡಿಸೈನು ಅದು. ಲೋ-ಪಾಸ್ ಫಿಲ್ಟರ್ (ತೀರಾ ಸಣ್ಣ ವಿವರವನ್ನು ತುಸು ಮಸುಕಾಗಿಸುವ ಪದರ) ಇಲ್ಲದ ಕ್ಯಾಮೆರಾಗಳಲ್ಲಿ ಜಾಸ್ತಿ. ಅಲ್ಲೇ ಸರಿಪಡಿಸಬೇಕೆಂದರೆ ಅರ್ಧ ಹೆಜ್ಜೆ ಮುಂದೆ ಅಥವಾ ಹಿಂದೆ ಹೋಗಿ ಇನ್ನೊಂದು ತೆಗೆಯಿರಿ, ಕ್ಯಾಮೆರಾವನ್ನು ತುಸು ವಾಲಿಸಿ ಮತ್ತೊಂದು. ಕಿಂಡಿ ಕಿರಿದು ಮಾಡಿ ಎಫ್/16ಕ್ಕೆ ಇಳಿಸಿದರೂ ಕಡಿಮೆಯಾಗುತ್ತದೆ, ಬೆಳಕು ಸಾಕಷ್ಟಿದ್ದರೆ. ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮಿನಲ್ಲಿ ಇದಕ್ಕೆಂದೇ ಬ್ರಶ್ ಇದೆ. ಬಣ್ಣದ ಅಲೆಗಳನ್ನು ಅಳಿಸುತ್ತದೆ, ಗೆರೆಯ ಅಲೆಗಳ ಮುಂದೆ ಅದರ ಆಟ ಅಷ್ಟು ನಡೆಯುವುದಿಲ್ಲ. ಪರೀಕ್ಷೆ ಮಾಡುವಾಗ 100 ಪರ್ಸೆಂಟಿಗೆ ಹಿಗ್ಗಿಸಿ ನೋಡಿ. ಎಷ್ಟೋ ಸಲ ಫೋಟೋ ಸರಿಯಾಗಿಯೇ ಇರುತ್ತದೆ, ಸ್ಕ್ರೀನಿಗೆ ಕುಗ್ಗಿಸಿದ್ದರಿಂದ ಅಲೆ ಕಾಣುತ್ತಿರುತ್ತದೆ. ಹಾಗೆ ತಿಳಿಯದೆ ಒಳ್ಳೆಯ ಫೋಟೋ ಡಿಲೀಟ್ ಮಾಡಿದವರು ಉಂಟು.

ಬಣ್ಣದ ಕಥೆ ಇನ್ನೊಂದು. ಮಾರುಕಟ್ಟೆಯ ತಾಡಪತ್ರಿ ನೀಲಿ ಇದ್ದರೆ ಕೆಳಗಿನ ಬಿಳಿ ಅಂಗಿ ನೀಲಿ, ಹಳದಿ ಇದ್ದರೆ ಹಳದಿ. ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಾಣಿಕೆ) ಆಟೋ ಇಟ್ಟರೆ ಒಂದೊಂದು ಫೋಟೋಗೆ ಒಂದೊಂದು ಲೆಕ್ಕ, ಏಕೆಂದರೆ ಚೌಕಟ್ಟು ತುಂಬಿದ ಬಟ್ಟೆಯ ಬಣ್ಣವೇ ಅದನ್ನು ದಾರಿ ತಪ್ಪಿಸುತ್ತದೆ. ತಾಡಪತ್ರಿಯ ಕೆಳಗೆ ತೆಗೆಯಬೇಡಿ. ಕಟ್ಟಡದ ನೆರಳು, ಮೇಲೆ ತೆರೆದ ಆಕಾಶ ಇರುವ ಜಾಗ ಹುಡುಕಿ, ಬೂದು ಕಾರ್ಡಿನ ಒಂದು ಫೋಟೋ ತೆಗೆದು ವೈಟ್ ಬ್ಯಾಲೆನ್ಸ್ ಅಲ್ಲೇ ಕಟ್ಟಿಹಾಕಿ. ಸೆರಗಿನ ಕೆಂಪು ಇನ್ನೂ ಮೋಸಗಾರ. ಒಟ್ಟು ಹಿಸ್ಟೋಗ್ರಾಮ್ (ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ) ಸರಿ ಕಂಡರೂ ಕೆಂಪು ಚಾನೆಲ್ ಒಂದೇ ತುಂಬಿ ಚೆಲ್ಲಿರುತ್ತದೆ, ನೇಯ್ಗೆಯ ಎಳೆ ಮಾಯವಾಗಿ ಪೇಂಟ್ ಬಳಿದಂತಾಗುತ್ತದೆ. ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ನೋಡಿ, ಎಕ್ಸ್‌ಪೋಷರನ್ನು 0.3ರಿಂದ 0.7 ಸ್ಟಾಪ್ (ಬೆಳಕಿನ ಅಳತೆ) ಇಳಿಸಿ, ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದ ಮೂಲ ಫೈಲು) ತೆಗೆಯಿರಿ. ಮಟಮಟ ಮಧ್ಯಾಹ್ನ ರೇಷ್ಮೆ ಹೊಳೆದು ತೆನೆಯೇ ಕಾಣುವುದಿಲ್ಲ.

ಹಿನ್ನೆಲೆಗೆ ಮುಚ್ಚಿದ ಅಂಗಡಿಯ ರೋಲಿಂಗ್ ಶಟರ್ ಕಂಡರೆ ಎಲ್ಲರಿಗೂ ಖುಷಿ. ಅದರ ಅಡ್ಡಗೆರೆ ಪಟ್ಟಿಯ ಬಟ್ಟೆಯ ಜೊತೆ ಜಗಳಕ್ಕೆ ನಿಲ್ಲುತ್ತದೆ. ಸುಣ್ಣದ ಗೋಡೆಯೇ ವಾಸಿ, ಪೋಸ್ಟರ್ ಇರದಿದ್ದರೆ ಸಾಕು.

ಮೊಬೈಲಿನಲ್ಲೂ ಆಗುತ್ತದೆ. 2ಎಕ್ಸ್ ಲೆನ್ಸ್, ಪ್ರೊ ಮೋಡ್, ರಾ. ಪೋರ್ಟ್ರೇಟ್ ಮೋಡ್ ಮಾತ್ರ ಬೇಡವೇ ಬೇಡ, ಸೆರಗಿನ ಕುಚ್ಚನ್ನು ಹಿನ್ನೆಲೆ ಅಂದುಕೊಂಡು ನುಂಗಿಬಿಡುತ್ತದೆ.

ಜೇಬಿನ ಗುಂಡಿಯ ವಿಷಯ. ಸೆರಗು ಚೆನ್ನಾಗಿ ಕಾಣುವುದು ಹಿಂದಿನಿಂದ. ಹಾಗಂತ ಹೆಣ್ಣುಮಕ್ಕಳ ಬೆನ್ನ ಹಿಂದೆ ಕ್ಯಾಮೆರಾ ಹಿಡಿದು ನಡೆಯುವುದನ್ನು ಯಾವ ಕಲೆಯ ಹೆಸರಿನಲ್ಲೂ ನಾನು ಒಪ್ಪುವುದಿಲ್ಲ. ಮುಂದೆ ಹೋಗಿ ಕೇಳಬೇಕು: "ಅಕ್ಕಾರ, ನಿಮ್ಮ ಸೆರಗಿನ ತೆನಿದೊಂದು ಫೋಟೋ ತಗೀಲೇನ್ರಿ? ಮಾರಿ ಬರಂಗಿಲ್ರಿ." ಬೇಡ ಅಂದರೆ ಮುಗಿಯಿತು. ಹ್ಞೂಂ ಅಂದರೆ ತೆಗೆದು ತೋರಿಸಿ, ವಾಟ್ಸ್ಯಾಪಿಗೆ ಕಳಿಸಿ. ಕೇಳಿ ತೆಗೆದರೆ ಸಹಜತೆ ಹೋಗುತ್ತದೆ ಅನ್ನುವವರಿಗೆ ಒಂದು ಮಾತು: ಇಲ್ಲಿ ನಿಮ್ಮ ವಿಷಯ ಬಟ್ಟೆ, ಬಟ್ಟೆ ನಾಚುವುದಿಲ್ಲ. ನಾಳೆ ಈ ಫೋಟೋ ಜಾಹೀರಾತಿಗೆ ಹೋಗುವ ಸಾಧ್ಯತೆ ಇದ್ದರೆ ಬಾಯಿಮಾತು ಸಾಲದು, ಬರಹದಲ್ಲಿ ಒಪ್ಪಿಗೆ ಬೇಕು.

ಚೆಕ್ಸ್ ಶರ್ಟಿನ ಸರಣಿ ಮಾಡುವವರು ಇಡೀ ಆಳನ್ನು ಬಿಟ್ಟು ಜೇಬನ್ನು ನೋಡಿ. ಒಳ್ಳೆ ಟೈಲರ್ ಹೊಲಿದದ್ದಾದರೆ ಜೇಬಿನ ಗೆರೆ ಎದೆಯ ಗೆರೆಗೆ ಕೂಡಿಕೊಂಡು ಜೇಬು ಇರುವುದೇ ಗೊತ್ತಾಗುವುದಿಲ್ಲ. ಹಾಗೆ ಕೂಡಿಸಲು ಬಟ್ಟೆ ಹೆಚ್ಚು ಬೇಕು, ಕತ್ತರಿಸುವಾಗ ಸಮಯವೂ ಹೆಚ್ಚು. ಅಗ್ಗದ ರೆಡಿಮೇಡಿನಲ್ಲಿ ಅದಕ್ಕೆಲ್ಲ ಪುರುಸೊತ್ತಿಲ್ಲ, ಗೆರೆ ಅರ್ಧ ಬೆರಳು ಜಾರಿರುತ್ತದೆ. ಕೆಲವರು ಜಾಣತನದಿಂದ ಜೇಬನ್ನೇ ಓರೆಯಾಗಿ ಕತ್ತರಿಸಿ ಹಚ್ಚುತ್ತಾರೆ. ಖಣದಲ್ಲೂ ಇಂಥದೇ ಜಾಗ ತೋಳು: ದಡಿ ತೋಳಿನ ತುದಿಗೆ ಬರುವಂತೆ ಹೊಲಿದಿರುತ್ತಾರೆ, ಬುಟ್ಟಾಗಳ ಸಾಲು ಭುಜದ ಹೊಲಿಗೆಯಲ್ಲಿ ಮುರಿಯುತ್ತದೆ.

ಆಯ್ಕೆ ಸ್ಕ್ರೀನಿನ ಮೇಲೆ ಆಗುವ ಕೆಲಸವಲ್ಲ. 4x6 ಇಂಚಿನ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಭುಜದ ಗೆರೆ ಎಲ್ಲದರಲ್ಲೂ ಒಂದೇ ಎತ್ತರಕ್ಕೆ ಬರುವಂತೆ ಕ್ರಾಪ್ ಮಾಡಿ, 4x4 ಸಾಲಿನಲ್ಲಿ ಜೋಡಿಸಿ. ಯಾವುದೋ ಒಂದು ಫೋಟೋ ಎಲ್ಲಕ್ಕಿಂತ ಸುಂದರವಾಗಿ ಎದ್ದು ಕಾಣುತ್ತದೆ, ಸಾಮಾನ್ಯವಾಗಿ ಚಂದದ ಬೆಳಕು ಬಿದ್ದದ್ದು. ಅದನ್ನು ಹೊರಗಿಡಿ, ಪಕ್ಕದ ಹದಿನೈದನ್ನು ಅದು ಕೊಲ್ಲುತ್ತದೆ. ಫೈಲಿನ ಜೊತೆ ಊರು, ತಾರೀಖು, ಒಪ್ಪಿಗೆ ಇದೆಯೋ ಇಲ್ಲವೋ, ಕೈಮಗ್ಗವೋ ಪವರ್‌ಲೂಮೋ ಪ್ರಿಂಟೋ ಬರೆದಿಡಿ. ಪ್ರಿಂಟ್ ಅಂತ ಅನುಮಾನ ಬಂದರೆ ಬಟ್ಟೆಯ ಹಿಂಭಾಗ ನೋಡಿ: ಅಲ್ಲಿ ಬಣ್ಣ ಮಾಸಲಾಗಿರುತ್ತದೆ. ಎಷ್ಟೋ ಸಲ ಚೌಕದ ಗೆರೆಯೂ ನೂಲಿನ ಎಳೆ ಬಿಟ್ಟು ಸೊಟ್ಟ ಓಡಿರುತ್ತದೆ. ಇಳಕಲ್ ಸೆರಗಿನ ಹಾಗೆ ಪ್ರಿಂಟ್ ಮಾಡಿದ ಸೀರೆ ಸರಣಿಯಲ್ಲಿ ಬಂದರೆ ತೆಗೆದುಹಾಕಬೇಡಿ, ಅದೂ ಬೀದಿಯಲ್ಲಿ ಇರುವುದೇ. ಕೆಳಗೆ ಪ್ರಿಂಟ್ ಅಂತ ಬರೆಯಿರಿ.