ಬೋರ್ಡಲ್ಲಿ ಖಜಾನೆ, ಒಳಗೆ ಗೋರಿ

ಗ್ರೀಸಿನ ಮೈಸೀನೆಲಿ ಜೇನುಗೂಡಿನ ಥರದ ಒಂದು ದೊಡ್ಡ ಗೋರಿ ಇದೆ, ಹೆಸರು ಆಟ್ರಿಯಸ್‌ನ ಖಜಾನೆ. ಖಜಾನೆನೂ ಇಲ್ಲ, ಗ್ರೀಕ್ ಪುರಾಣದ ರಾಜ ಆಟ್ರಿಯಸ್ಸೂ ಇಲ್ಲ. ಅವನ ಮಗ ಅಗಮೆಮ್ನಾನ್ ಗೋರಿ ಅಂತಾನೂ ಕರೀತಾರೆ, ಅವನ ಪತ್ತೆನೂ ಇಲ್ಲ. ಕಟ್ಟಿ ಸುಮಾರು 1400 ವರ್ಷ ಆದ್ಮೇಲೆ ಪೌಸೇನಿಯಸ್ ಅನ್ನೋ ಪ್ರವಾಸಿ ಬಂದು, ಆಟ್ರಿಯಸ್ಸು ಅವನ ಮಕ್ಕಳು ದುಡ್ಡು ಇಡ್ತಿದ್ದ ನೆಲಮಾಳಿಗೆಗಳು ಇಲ್ಲಿವೆ ಅಂತ ಬರೆದ, ಊರಿನ ಯಾವನೋ ಗೈಡ್ ಹೇಳಿರ್ಬೇಕು, ಅದೇ ಹೆಸರು ಇವತ್ತಿಗೂ ಅಂಟ್ಕೊಂಡಿದೆ.

ಕೆಲಸ ಮಾತ್ರ ಸುಮ್ನೆ ಅಲ್ಲ ಮಾರಾಯ್ರೆ. ಕ್ರಿಸ್ತಪೂರ್ವ 1300–1250ರ ಹೊತ್ತಿಗೆ, ಕ್ರೇನು ಗೀನು ಏನೂ ಇಲ್ದೆ, ಬಾಗಿಲ ಮೇಲೆ ಕೂರಿಸಿರೋ ಒಂದೇ ಕಲ್ಲು ಹತ್ತತ್ರ 120 ಟನ್ನು! ಅದರ ಮೇಲೆ ಭಾರ ಬೀಳದಿರ್ಲಿ ಅಂತ ತ್ರಿಕೋನ ಆಕಾರದಲ್ಲಿ ಖಾಲಿ ಜಾಗ ಬಿಟ್ಟಿದಾರೆ. ಒಳಗೆ 33 ಸುತ್ತು ಕಲ್ಲು, ಒಂದೊಂದು ಸುತ್ತೂ ಕೆಳಗಿನದಕ್ಕಿಂತ ಸ್ವಲ್ಪ ಒಳಕ್ಕೆ ಚಾಚಿಸ್ತಾ ಹೋಗಿ 13 ಮೀಟರ್ ಮೇಲೆ ತುದಿ ಕೂಡಿಸಿ, ಆಮೇಲೆ ಒಳಗಿನ ಏಣು ಎಲ್ಲ ಕೆತ್ತಿ ನುಣ್ಣಗೆ ಮಾಡಿದಾರೆ. ಇಷ್ಟೆಲ್ಲ ಮಾಡಿ ಮೇಲಿಂದ ಮಣ್ಣು ಸುರಿದು ಗುಡ್ಡೆ ಮಾಡಿಬಿಡೋದು! ಆ ಮಣ್ಣಿನ ಭಾರವೇ ಕಲ್ಲುಗಳನ್ನ ಹಿಡಿದಿಟ್ಕೊಳ್ಳೋದು ಅನ್ನಿ, ಆದ್ರೂ ಹೊಟ್ಟೆ ಉರಿಯುತ್ತೆ. ಈ ಥರದ ಗೋರಿಗಳಲ್ಲಿ ಹೆಣ ಇಟ್ಟಾದ್ಮೇಲೆ ಬಾಗಿಲಿಗೆ ಕಲ್ಲು ಕಟ್ಟಿ ದಾರಿಗೂ ಮಣ್ಣು ತುಂಬ್ತಿದ್ರು, ಮನೇಲಿ ಇನ್ನೊಬ್ರು ಹೋದ್ರೆ ಮತ್ತೆ ಅಗಿ, ಹಳೇ ಅಜ್ಜನ ಮೂಳೆ ಪಕ್ಕಕ್ಕೆ ಸರಿಸು, ಹೊಸಬರಿಗೆ ಜಾಗ ಮಾಡು. ಅಜ್ಜ ಏನು ಅಡ್ಜಸ್ಟ್ ಮಾಡ್ಕೊಳ್ಳಲ್ಲ ಅಂತಾನಾ?

ಚಿನ್ನ ಗಿನ್ನ ಇದ್ದಿದ್ದು ಎಲ್ಲ ಹಳೇ ಕಾಲದಲ್ಲೇ ಕಳ್ಳರ ಪಾಲು. ಬಾಗಿಲ ಪಕ್ಕದ ಹಸಿರು ಕಲ್ಲಿನ ಕಂಬ ಉಳಿದಿದ್ವಲ್ಲ, 1810ರ ಸುಮಾರಿಗೆ ಅಲ್ಲಿ ಆಳ್ತಿದ್ದ ತುರ್ಕಿ ಪಾಶಾ ಅವನ್ನೂ ಸ್ಲೈಗೋ ಅನ್ನೋ ದೊರೆಗೆ ದಾಟಿಸಿದ. ದೊರೆ ಐರ್ಲೆಂಡಿನ ತನ್ನ ಮನೆಗೆ ಹೊತ್ಕೊಂಡು ಹೋಗಿ, ಕೊನೆಗೆ ಅವು ಅಲ್ಲಿನ ನೆಲಮಾಳಿಗೇಲಿ ಧೂಳು ತಿಂತಾ ಬಿದ್ದಿದ್ವು. ಪೌಸೇನಿಯಸ್ ಹೇಳಿದ ನೆಲಮಾಳಿಗೆ ಖಜಾನೆ ಇದೇನೋ ಅಂತ ನನಗೆ ಡೌಟು! ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಲ್ಲಿವೆ.

ಇನ್ನು ಪಕ್ಕದ ಕಥೆ ಕೇಳಿ. ಕೋಟೆ ಗೋಡೆ ಹತ್ರ ಒಂದು ಗೋರಿಗೆ ಕ್ಲೈಟಮ್ನೆಸ್ಟ್ರಾ ಹೆಸರು, ಗಂಡ ಅಗಮೆಮ್ನಾನ್‌ನ ಕೊಂದಳು ಅಂತಾರಲ್ಲ, ಅದೇ ರಾಣಿ. ಪಕ್ಕದ್ದಕ್ಕೆ ಅವಳ ಪ್ರಿಯಕರ ಏಜಿಸ್ತಸ್ ಹೆಸರು, ಜೋಡಿ ಸೇರಿಸಿಬಿಟ್ಟಿದಾರೆ ಪುಣ್ಯಾತ್ಮರು. ಅವಳ ಗೋರಿಗೂ ಅವನ ಗೋರಿಗೂ ವಯಸ್ಸಿನ ವ್ಯತ್ಯಾಸ ಬರೀ 200 ವರ್ಷ, ಅವನದೇ ಹಳೇದು.